ಡ್ರಮ್ ನುಡಿಸುತ್ತಲೇ ಹಾಡುವವರ ಸೋಲ್-ಜಾಝ್ ಆಲ್ಬಮ್: ರೆಕಾರ್ಡಿಂಗ್ ಮಾಡುವ ಬಗೆ

ಡ್ರಮ್ಮರ್ ಹಾಡುತ್ತಾ ನುಡಿಸುವಾಗ ಅವರ ಬಾಯಿ ಮುಂದಿನ ಮೈಕನ್ನು ಇನ್ನೊಂದು ಡ್ರಮ್ ಮೈಕ್ ಎಂದೇ ಲೆಕ್ಕ ಹಿಡಿಯಬೇಕು. ಸ್ನೇರ್‌ನಿಂದ (ಮುಂದೆಯೇ ಇರುವ ಚುರುಕು ದನಿಯ ಡ್ರಮ್) ಎರಡು ಅಡಿ ದೂರದಲ್ಲಿ, ಹೈ-ಹ್ಯಾಟ್‌ಗೆ (ಕಾಲಿನ ಪೆಡಲ್‌ನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಅದಕ್ಕಿಂತಲೂ ಹತ್ತಿರದಲ್ಲಿ ಅದು ನಿಂತಿರುತ್ತದೆ. ಇಂಥ ಆಲ್ಬಮ್‌ನಲ್ಲಿ ಕೆಡುವುದರಲ್ಲಿ ಮುಕ್ಕಾಲು ಪಾಲು ಕೆಡುವುದು ಈ ಮೈಕ್‌ನಲ್ಲೇ, ಅದೂ ಮಿಕ್ಸಿಂಗ್‌ಗೆ ಕೂರುವ ಎಷ್ಟೋ ಮೊದಲು.

ಶುರು ಮಾಡುವ ಮುಂಚೆ ಕೇಳಲೇಬೇಕಾದವರು ಮೂವರು. ಸ್ಟುಡಿಯೋ ಡ್ರಮ್ಮರ್ ಆಗಿ ಹೆಸರಾಗಿದ್ದ ಗ್ರೇಡಿ ಟೇಟ್ 1968ರಲ್ಲಿ ಗಾಯಕರಾಗಿ ಆಲ್ಬಮ್ ತಂದರು. ಜಾಮಿಸನ್ ರಾಸ್ 2012ರಲ್ಲಿ ಥೆಲೋನಿಯಸ್ ಮಂಕ್ ಜಾಝ್ ಸ್ಪರ್ಧೆಯನ್ನು ಡ್ರಮ್ಮರ್ ಆಗಿ ಗೆದ್ದವರು. 2015ರ ಅವರ ಮೊದಲ ಆಲ್ಬಮ್ ಗ್ರ್ಯಾಮಿಗೆ ನಾಮನಿರ್ದೇಶನ ಪಡೆದದ್ದು ಜಾಝ್ ಗಾಯನ ವಿಭಾಗದಲ್ಲಿ. ಆಂಡರ್ಸನ್ ಪಾಕ್ ಅವರ 2016ರ 'ಮಾಲಿಬು' ಹಿಪ್-ಹಾಪ್ ಕಡೆ ವಾಲಿದರೂ ಅದರ ಬೇರು ಸೋಲ್ ಎಂಬ ಕಪ್ಪು ಅಮೆರಿಕನ್ನರ ಗಾಯನ ಶೈಲಿಯಲ್ಲಿದೆ. ಕೇಳುವಾಗ ಗಮನವಿಡಬೇಕಾದದ್ದು ಹಾಡಿನ ಸಾಲು ನಡೆಯುತ್ತಿರುವಾಗ ಡ್ರಮ್ ಎಷ್ಟು ಕಡಿಮೆ ನುಡಿಯುತ್ತದೆ ಎಂಬುದನ್ನು.

ಯಾವ ಹಾಡು ಲೈವ್, ಯಾವುದು ಬೇರೆಯಾಗಿ

ಬ್ರಷ್‌ನಲ್ಲಿ (ಕೋಲಿನ ಬದಲು ತೆಳು ತಂತಿಗಳ ಕುಂಚದಲ್ಲಿ) ನುಡಿಸುವ ನಿಧಾನದ ಹಾಡುಗಳು ಮತ್ತು ಮಧ್ಯಮ ವೇಗದ ಸ್ವಿಂಗ್ ಇವನ್ನು ಹಾಡು, ಡ್ರಮ್ ಒಟ್ಟಿಗೇ ಹಿಡಿಯಿರಿ. ತೆರೆದ ಹೈ-ಹ್ಯಾಟ್ ಮತ್ತು ಕ್ರ್ಯಾಶ್ (ಜೋರಾಗಿ ಸಿಡಿಯುವ ಸಿಂಬಲ್) ಇರುವ ಫಂಕ್ ಹಾಡುಗಳಲ್ಲಿ ಡ್ರಮ್ ಮೊದಲು, ಗಾಯನ ಆಮೇಲೆ. ಆದರೆ ಆಗಲೂ ಡ್ರಮ್ ಹಿಡಿಯುವಾಗ ಕಡಿಮೆ ದನಿಯಲ್ಲಾದರೂ ಹಾಡುತ್ತಿರಲೇಬೇಕು. ಬಾಯಿ ಮುಚ್ಚಿಕೊಂಡು ನುಡಿಸಿದರೆ ಫಿಲ್‌ಗಳು (ಸಾಲುಗಳ ನಡುವೆ ತುಂಬುವ ಡ್ರಮ್ ತುಣುಕುಗಳು) ಹಾಡಿನ ಮಾತಿನ ಮೇಲೆಯೇ ಬಂದು ಕೂರುತ್ತವೆ. ಅದು ಗೊತ್ತಾಗುವುದು ಗಾಯನ ಸೇರಿಸುವ ದಿನ, ತಿದ್ದುವ ಕಾಲ ಮೀರಿದ ಮೇಲೆ.

ಅಭ್ಯಾಸ

60 ಬಿಪಿಎಂನಲ್ಲಿ (ನಿಮಿಷಕ್ಕೆ 60 ಬೀಟ್) ಆರಂಭಿಸಿ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬೇಡ, ರೈಡ್ (ನಡೆ ಹಿಡಿಯುವ ದೊಡ್ಡ ಸಿಂಬಲ್) ಮತ್ತು ಎಡಗಾಲಿನ ಹೈ-ಹ್ಯಾಟ್ ಮಾತ್ರ ಸಾಕು. ಸಾಹಿತ್ಯವನ್ನು ಮೊದಲು ಮಾತಿನಂತೆ ಹೇಳಿ, ಆಮೇಲೆ ಒಂದೇ ಸ್ವರದಲ್ಲಿ ಹಾಡಿ, ಆಮೇಲೆ ಪೂರ್ತಿ ರಾಗದಲ್ಲಿ. ಕಿಕ್ ಮತ್ತು ಸ್ನೇರ್ ಸೇರುವುದು ನಾಲ್ಕನೆಯ ಸುತ್ತಿನಲ್ಲಿ, ಫಿಲ್ ಕೊನೆಯಲ್ಲಿ. ತಪ್ಪಿಲ್ಲದೆ ಬಂದರೆ 4 ಬಿಪಿಎಂ ಏರಿಸಿ.

ಶಫಲ್ ಎಂಬ ತೂಗುವ ನಡೆಯಲ್ಲಿ ಕೈ ಎಡವುವವರಿಗೆ ಕೊನ್ನಕೋಲು (ಬಾಯಲ್ಲಿ ತಾಳದ ಸೊಲ್ಲು ಹೇಳುವ ಕರ್ನಾಟಕ ಸಂಗೀತದ ಕಲೆ) ಚೆನ್ನಾಗಿ ಒದಗುತ್ತದೆ. ಪ್ರತಿ ಬೀಟ್‌ಗೆ 'ತಕಿಟ' ಹೇಳುತ್ತಾ 'ತ' ಮತ್ತು 'ಟ' ಮೇಲೆ ಮಾತ್ರ ಕೋಲು ಬೀಳಲಿ, 'ಕಿ' ಖಾಲಿ. ನಡೆ ಕೂತ ಮೇಲೆ ಸೊಲ್ಲು ಬಿಟ್ಟು ಸಾಹಿತ್ಯ ಹಿಡಿಯಿರಿ.

ಎಲ್ಲರಿಗೂ ಬರುವ ತೊಂದರೆ ಒಂದಿದೆ: ಪದಗಳು 2 ಮತ್ತು 4ನೇ ಬೀಟ್‌ನ ಸ್ನೇರ್‌ಗೆ ಅಂಟಿಕೊಳ್ಳುತ್ತವೆ. ಕೈ ಹೊಡೆದಾಗಲೇ ಬಾಯಿ ತೆರೆಯುತ್ತದೆ, ಹಾಡು ಕವಾಯತಿನಂತೆ ಕೇಳುತ್ತದೆ. ಸೋಲ್ ಗಾಯನದ ಸೊಗಸೇ ಬೀಟ್‌ಗಿಂತ ಕೊಂಚ ಹಿಂದೆ ಜೋಲುವುದರಲ್ಲಿದೆ. ಆದ್ದರಿಂದ ಅದೇ ಸಾಲನ್ನು ಬೇಕೆಂದೇ ಅರ್ಧ ಬೀಟ್ ತಡವಾಗಿ ಎತ್ತಿ ಅಭ್ಯಾಸ ಮಾಡಿ. ಕೈ ಅಲುಗದೆ ಬಾಯಿ ಜಾರಬಲ್ಲದಾದರೆ ಕೆಲಸ ಮುಗಿಯಿತು.

ಉಸಿರಿನ ಗುರುತನ್ನು ಸಾಹಿತ್ಯದ ಹಾಳೆಯಲ್ಲೇ ಹಾಕಿಕೊಳ್ಳಿ. ಉಸಿರೆಳೆಯುವಾಗ ಹೊಟ್ಟೆ ಸಡಿಲವಾಗಬೇಕು, ಜೋರಾದ ಫಿಲ್ ಅದನ್ನು ಬಿಗಿಯುತ್ತದೆ. ಎರಡೂ ಒಂದೇ ಬೀಟ್‌ನಲ್ಲಿ ಬಂದರೆ ಮುಂದಿನ ಸಾಲಿಗೆ ಗಾಳಿ ಸಾಲದು. ಮೊದಲು ಉಸಿರು, ಆಮೇಲೆ ಫಿಲ್, ಅದೂ 4ನೇ ಬೀಟ್‌ನಲ್ಲಿ ಮುಗಿಯಲಿ. ಫಿಲ್ ಮುಗಿಸಿ 1ರ ಮೇಲೆ ಕ್ರ್ಯಾಶ್ ಹೊಡೆಯುವ ಚಾಳಿ ಇದ್ದರೆ ಸಾಲಿನ ಮೊದಲ ಪದ ಅದರಡಿ ಹೂತುಹೋಗುತ್ತದೆ.

ಕಿಕ್ ಪೆಡಲ್ ಮೇಲೆ ಹಿಮ್ಮಡಿ ಊರಿ ನುಡಿಸಿ. ಹಿಮ್ಮಡಿ ಎತ್ತಿದರೆ ಇಡೀ ತೊಡೆ ಏಳುತ್ತದೆ, ನೀಳ ಸ್ವರ ಪ್ರತಿ ಹೊಡೆತಕ್ಕೂ ನಡುಗುತ್ತದೆ. ತೊಡೆ ಮೊಣಕಾಲಿನ ಕಡೆಗೆ ತುಸು ಇಳಿಜಾರಾಗುವಷ್ಟು ಸೀಟು ಎತ್ತರಿಸಿಕೊಳ್ಳಿ. ನಿಂತು ಹಾಡುವ ಶ್ರುತಿಗಿಂತ ಅರ್ಧ ಅಥವಾ ಒಂದು ಸ್ವರ ಕೆಳಗಿನ ಕೀ ಆರಿಸಿ. ಕೀಬೋರ್ಡ್‌ನವರು ಗೊಣಗಬಹುದು, ಗೊಣಗಲಿ.

ಸೆಟ್ ಮತ್ತು ಶ್ರುತಿ

ಸೋಲ್‌ಗೂ ಜಾಝ್‌ಗೂ ಒಂದೇ ಸೆಟ್ ಸಾಕು: 20 ಇಂಚಿನ ಕಿಕ್, 14 ಇಂಚಿನ ಸ್ನೇರ್, 12 ಮತ್ತು 14 ಇಂಚಿನ ಟಾಮ್‌ಗಳು, ಎಲ್ಲಕ್ಕೂ ಕೋಟೆಡ್ ಹೆಡ್ (ಒರಟು ಲೇಪದ ಹೊದಿಕೆ). ಸೋಲ್ ಹಾಡಿಗೆ ಸ್ನೇರ್‌ನ ಶ್ರುತಿ ಇಳಿಸಿ, ಹೆಡ್‌ನ ಕಾಲು ಭಾಗ ಮುಚ್ಚುವಂತೆ ಮಡಿಸಿದ ಹತ್ತಿ ಬಟ್ಟೆಯನ್ನು ಅಂಚಿಗೆ ಟೇಪ್‌ನಿಂದ ಅಂಟಿಸಿ. ಜಾಝ್ ಹಾಡಿಗೆ ಬಟ್ಟೆ ತೆಗೆದು ಶ್ರುತಿ ಏರಿಸಿ. ಹಾಡಿಗೊಮ್ಮೆ ಬದಲಿಸಲು ಹೋಗಬೇಡಿ; ಒಂದು ದಿನ ಸೋಲ್, ಮರುದಿನ ಜಾಝ್ ಎಂದು ಹಂಚಿಕೊಂಡರೆ ಮೈಕ್‌ಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

5ಎ ಕೋಲಿನ ಬದಲು ಅದಕ್ಕಿಂತ ತೆಳುವಾದ 7ಎ ಹಿಡಿಯಿರಿ. ತೆಳುವಾದ 20 ಅಥವಾ 22 ಇಂಚಿನ ರೈಡ್ ಇರಲಿ. ಗಾಯನದ ಮೈಕ್‌ಗೆ ಅತಿ ಹೆಚ್ಚು ಕಾಟ ಕೊಡುವುದು ಹೈ-ಹ್ಯಾಟ್. ಅದರ ಅಂಚಿಗೆ ಕೋಲಿನ ಮೈಯಿಂದ ಹೊಡೆಯದೆ, ಮೇಲ್ಮೈಯಲ್ಲಿ ತುದಿಯಿಂದ ನುಡಿಸಿದರೆ ಆಮೇಲೆ ಯಾವ ಪ್ಲಗಿನ್ ಮಾಡುವುದಕ್ಕಿಂತಲೂ ಹೆಚ್ಚಿನ ಕೆಲಸ ಆಗುತ್ತದೆ.

ಗಾಯನದ ಮೈಕ್

ಸೂಕ್ಷ್ಮ ದನಿಯನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಬೇಡ, ಡೈನಮಿಕ್ ಇರಲಿ. ಶೂರ್ ಎಸ್‌ಎಂ58 ಕಾರ್ಡಿಯಾಯ್ಡ್, ಎಂದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಬಗೆ. ಅದಕ್ಕೆ ಅತಿ ಕಡಿಮೆ ಕೇಳಿಸುವುದು ನೇರ ಹಿಂಬದಿಯಿಂದ, 180 ಡಿಗ್ರಿಯಲ್ಲಿ. ಬೀಟಾ 58ಎ, ಸೆನ್‌ಹೈಸರ್ ಇ945 ಸೂಪರ್‌ಕಾರ್ಡಿಯಾಯ್ಡ್, ಅದಕ್ಕಿಂತ ಕಿರಿದಾಗಿ ಹಿಡಿಯುವ ಬಗೆ. ಅವುಗಳ ಕಿವುಡು ಕೋನ ಹಿಂದೆ ಎರಡು ಪಕ್ಕಗಳಲ್ಲಿ, ಸುಮಾರು 126 ಡಿಗ್ರಿಯಲ್ಲಿದೆ. ಹೀಗಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಅದೇ ದಿಕ್ಕಿಗೆ ಇಟ್ಟರೆ ಸೋರಿಕೆ (ಗಾಯನದ ಮೈಕ್‌ಗೆ ನುಗ್ಗುವ ಡ್ರಮ್ ದನಿ) ಹೆಚ್ಚಲೂಬಹುದು.

ಕಾರ್ಡಿಯಾಯ್ಡ್ ಆದರೆ ಗಲ್ಲದ ಮಟ್ಟದಿಂದ ಮೇಲ್ಮುಖವಾಗಿ ಓರೆ ಮಾಡಿ. ಆಗ ಅದರ ಬಾಲ ಸ್ನೇರ್ ಕಡೆ ನೋಡುತ್ತದೆ. ಬೂಮ್ ಸ್ಟ್ಯಾಂಡ್ ಎಡಗಡೆಯಿಂದ, ಹೈ-ಹ್ಯಾಟ್‌ನ ಹಿಂದಿನಿಂದ ಬರಲಿ, ಕೋಲಿನ ದಾರಿಗೆ ಅಡ್ಡವಾಗದಂತೆ. ಬಾಯಿಗೂ ಜಾಲರಿಗೂ ನಡುವೆ 3ರಿಂದ 5 ಸೆಂ.ಮೀ. ಅಂತರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಡ್ರಮ್ ಮಾತ್ರ ಹಾಗೇ ಉಳಿಯುತ್ತದೆ. ದಿ ಬ್ಯಾಂಡ್ ತಂಡದ ಡ್ರಮ್ಮರ್-ಗಾಯಕ ಲೆವನ್ ಹೆಲ್ಮ್ ಕತ್ತು ಪಕ್ಕಕ್ಕೆ ಹೊರಳಿಸಿ ಹಾಡುತ್ತಿದ್ದ ಭಂಗಿ ಫೋಟೋದಲ್ಲಿ ಚಂದ, ದಿನವಿಡೀ ರೆಕಾರ್ಡಿಂಗ್ ಮಾಡುವ ಕುತ್ತಿಗೆಗೆ ಅಲ್ಲ.

ಮೈಕ್‌ನ ಮುಖ ನೋಡುವುದು ಡ್ರಮ್ಮರ್‌ನ ತಲೆಯನ್ನು, ಅದರ ಹಿಂದಿನ ಗೋಡೆಯನ್ನು. ಸಿಂಬಲ್‌ಗಳ ದನಿ ಆ ಗೋಡೆಗೆ ಬಡಿದು ನೇರ ಮೈಕ್‌ನ ಮುಖಕ್ಕೇ ಮರಳುತ್ತದೆ. 100 ಮಿ.ಮೀ. ದಪ್ಪದ ರಾಕ್‌ವೂಲ್ ಪ್ಯಾನೆಲ್ ಅನ್ನು ಹಿಂದೆ ನಿಲ್ಲಿಸಿ. ಅದಿಲ್ಲದಿದ್ದರೆ ಎರಡು ದಪ್ಪ ಕಂಬಳಿಗಳನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ಸಿಂಬಲ್‌ನ ಚುರುಕು ದನಿಯನ್ನು ಅವು ಹೀರುತ್ತವೆ, ಕಿಕ್‌ನ ಗುಡುಗನ್ನಲ್ಲ.

ಡ್ರಮ್‌ಗೆ ಮೂರು ಮೈಕ್ ಸಾಕು: ಕಿಕ್, ಸ್ನೇರ್, ಒಂದು ಓವರ್‌ಹೆಡ್ (ಸೆಟ್‌ನ ಮೇಲೆ ತೂಗುವ ಮೈಕ್). ಓವರ್‌ಹೆಡ್ ಸ್ನೇರ್‌ನಿಂದ 100 ಸೆಂ.ಮೀ., ಗಾಯನದ ಮೈಕ್ 60 ಸೆಂ.ಮೀ. ದೂರದಲ್ಲಿದ್ದರೆ ವ್ಯತ್ಯಾಸ 40 ಸೆಂ.ಮೀ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಇದು 1.2 ಮಿಲಿಸೆಕೆಂಡ್. ಎರಡನ್ನೂ ಕೂಡಿಸಿದಾಗ 430 ಹರ್ಟ್ಸ್ ಸುತ್ತ ದನಿ ಕತ್ತರಿಸಿ ಸ್ನೇರ್ ಪೊಳ್ಳಾಗುತ್ತದೆ. ಮೊದಲು ಪೋಲಾರಿಟಿ (ದನಿಯ ಅಲೆಯ ಏರಿಳಿತ) ತಿರುಗಿಸಿ ನೋಡಿ. ಸಾಲದಿದ್ದರೆ ಗಾಯನದ ಟ್ರ್ಯಾಕ್ ಅನ್ನು 1.2 ಮಿಲಿಸೆಕೆಂಡ್ ತಡವಾಗಿಸಿ. ದೂರಗಳನ್ನು ದಾರ ಹಿಡಿದು ಅಳೆದು ಬರೆದಿಟ್ಟುಕೊಂಡರೆ ಈ ಲೆಕ್ಕ ಒಂದು ನಿಮಿಷದ್ದು.

ರೆಕಾರ್ಡಿಂಗ್ ಮತ್ತು ಮಿಕ್ಸ್

ಸೋಲ್-ಜಾಝ್‌ಗೆ ಹ್ಯಾಮಂಡ್ ಆರ್ಗನ್, ಗಿಟಾರ್, ಡ್ರಮ್ ಎಂಬ ಮೂವರ ತಂಡ ಹಳೆಯ, ನಂಬಬಹುದಾದ ಜೋಡಣೆ. ಬಾಸ್ ಆರ್ಗನ್‌ನಲ್ಲೇ ನಡೆಯುವುದರಿಂದ ಕಿಕ್ ಅನ್ನು ಮುಟ್ಟಿದಂತೆ ನುಡಿಸಿದರೆ ಸಾಕು. ಆರ್ಗನ್‌ನ ತಿರುಗುವ ಲೆಸ್ಲಿ ಸ್ಪೀಕರ್ ಬೇರೆ ಕೋಣೆಯಲ್ಲಿರಲಿ.

ಹೆಡ್‌ಫೋನ್ ಮುಚ್ಚಿದ ಬಗೆಯದು, ಒಂದು ಕಿವಿ ಅರ್ಧ ಹೊರಗೆ. ಶಬ್ದ ಜೋರಾದಷ್ಟೂ ಶ್ರುತಿ ಕೆಳಕ್ಕೆ ಜಾರುತ್ತದೆ. ಕ್ಲಿಕ್ (ಮೆಟ್ರೊನೋಮ್ ಸದ್ದು) ಹಾಡಿನ ಆರಂಭದ ಎಣಿಕೆಗೆ ಮಾತ್ರ. ಆದರೆ ಟೇಕ್‌ಗಳ ನಡುವೆ 2 ಬಿಪಿಎಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅವನ್ನು ಜೋಡಿಸಲಾಗದು. ಒಂದು ಹಾಡಿಗೆ ನಾಲ್ಕು ಟೇಕ್ ಮೀರಬೇಡಿ, ಗಂಟಲಿಗಿಂತ ಮೊದಲು ಹಿಡಿತ ಸೋಲುತ್ತದೆ.

ಲೈವ್ ಹಾಡಿನಲ್ಲಿ ಒಂದು ಪದವನ್ನಷ್ಟೇ ಮತ್ತೆ ಹಾಡಿ ಸೇರಿಸಬೇಡಿ. ಆ ಪದದಡಿಯ ಡ್ರಮ್ ಸೋರಿಕೆ ಮಾಯವಾಗಿ ಸಿಂಬಲ್‌ಗಳು ತಟ್ಟನೆ ಬಣ್ಣ ಬದಲಿಸುತ್ತವೆ. ಡ್ರಮ್ ಸಮೇತ ಎಂಟು ಬಾರ್ ಮತ್ತೆ ಹಿಡಿಯಿರಿ. ಶ್ರುತಿ ತಿದ್ದುವ ಆಟೊಟ್ಯೂನ್ ಕೂಡ ಇದೇ ಕಾರಣಕ್ಕೆ ಕೈಕೊಡುತ್ತದೆ: ದನಿಯ ಜೊತೆ ಸಿಂಬಲ್ ಕೂಡ ಮೇಲೆ ಕೆಳಗೆ ತೇಲುತ್ತದೆ.

ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರ್‌ನಲ್ಲಿ 10 ಡೆಸಿಬಲ್ ಕುಗ್ಗಿಸಿ ಅಷ್ಟನ್ನೇ ಮರಳಿ ಏರಿಸಿದರೆ, ಸಾಲುಗಳ ನಡುವೆ ಸೋರಿಕೆಯೂ 10 ಡೆಸಿಬಲ್ ಏಳುತ್ತದೆ. 3–4 ಡೆಸಿಬಲ್‌ಗೆ ನಿಲ್ಲಿಸಿ, ಉಳಿದದ್ದನ್ನು ಕೈಯಿಂದ ವಾಲ್ಯೂಮ್ ಆಟೊಮೇಶನ್ ಮಾಡಿ. ದನಿ ತಗ್ಗಿದಾಗ ತಾನೇ ಮುಚ್ಚುವ ಗೇಟ್ ಬೇಡ, ಹಾಡದ ಜಾಗಗಳನ್ನು 6 ಡೆಸಿಬಲ್ ಇಳಿಸಿದರೆ ಸಾಕು. ಪೂರ್ತಿ ಮ್ಯೂಟ್ ಮಾಡಿದರೆ ಡ್ರಮ್ ಕೋಣೆಯೇ ತೆರೆದು ಮುಚ್ಚಿದಂತಾಗುತ್ತದೆ.

ಎಲ್‌ಪಿ ತರುವುದಾದರೆ ಒಂದು ಬದಿಗೆ 18ರಿಂದ 22 ನಿಮಿಷ. ಒಳಸುತ್ತಿನ ಗ್ರೂವ್‌ನಲ್ಲಿ ಚುರುಕು ದನಿಗಳು ಒಡೆಯುತ್ತವೆ. ಸಕಾರಗಳ ಜೊತೆ ಹೈ-ಹ್ಯಾಟ್ ಸೋರಿಕೆಯೂ ಸೇರಿದರೆ ಇನ್ನೂ ಕೆಟ್ಟದು. ಪ್ರತಿ ಬದಿಯ ಕೊನೆಗೆ ಬ್ರಷ್‌ನ ಹಾಡನ್ನೇ ಇಡಿ.