ಏಲ್ಸ್‌ಬರಿಗೆ ಹೊಸದಾಗಿ ಬಂದವರೇ, ಮೊದಲು ವೋಟರ್ ಲಿಸ್ಟಿಗೆ ಹೆಸರು ಸೇರಿಸಿ

ಇಂಗ್ಲೆಂಡಿನ ಈ ಊರಿಗೆ ಬಂದ ಹೊಸದರಲ್ಲಿ ಹಳಬರು ಯಾರಾದರೂ "ಡಿಸ್ಟ್ರಿಕ್ಟ್ ಕೌನ್ಸಿಲ್‌ನಲ್ಲಿ ಕೇಳಿ" ಅನ್ನಬಹುದು. ಹುಡುಕಬೇಡಿ, ಅದು ಈಗ ಇಲ್ಲ. 1974ರಲ್ಲಿ ಶುರುವಾದ ಏಲ್ಸ್‌ಬರಿ ವೇಲ್ ಡಿಸ್ಟ್ರಿಕ್ಟ್ ಕೌನ್ಸಿಲ್ 2020ರ ಏಪ್ರಿಲ್ 1ಕ್ಕೆ ಮುಗಿಯಿತು. ಅಕ್ಕಪಕ್ಕದ ಮೂರು ಡಿಸ್ಟ್ರಿಕ್ಟ್‌ಗಳು, ಮೇಲಿದ್ದ ಕೌಂಟಿ ಕೌನ್ಸಿಲ್, ಎಲ್ಲ ಸೇರಿ ಒಂದೇ ಬಕಿಂಗ್‌ಹ್ಯಾಮ್‌ಶೈರ್ ಕೌನ್ಸಿಲ್ ಆಯಿತು.

ನಿಮಗೆ ಇದು ಅನುಕೂಲ. ನಾವು 2010ರಲ್ಲಿ ಬಂದಾಗ ಕಸ, ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ತೆರಿಗೆಯ ಬಿಲ್ಲು ಡಿಸ್ಟ್ರಿಕ್ಟ್‌ನದು. ಶಾಲೆ, ರಸ್ತೆ, ಲೈಬ್ರರಿ ಕೌಂಟಿಯದು. ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ, ಅದೇ ದೊಡ್ಡದು ಅಂದುಕೊಂಡೆ. ಇಲ್ಲಿ ಅದು ನಮ್ಮ ತಾಲ್ಲೂಕು ಪಂಚಾಯಿತಿಯ ಹಾಗೆ, ಕೌಂಟಿಯೇ ಜಿಲ್ಲೆಯ ಹಾಗೆ. ಮಗಳ ಶಾಲೆಗೆ ಕೌಂಟಿಗೆ ಅರ್ಜಿ ಹಾಕಬೇಕು ಅಂತ ಗೊತ್ತಾಗುವಷ್ಟರಲ್ಲಿ ಜನವರಿ 15 ದಾಟಿತ್ತು. ಹತ್ತಿರದ ಶಾಲೆ ತಪ್ಪಿತು. ಅವಳಮ್ಮ ಎರಡು ಚಳಿಗಾಲ ಆ ಪುಟ್ಟ ಮಗುವನ್ನು ಕರಕೊಂಡು ಬಸ್ಸಿಗೆ ಕಾದಳು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ಪ್ರೈಮರಿಗೆ ಈಗಲೂ ಅದೇ ಕೊನೆಯ ದಿನ. ಸೆಕೆಂಡರಿಗೆ ಅಕ್ಟೋಬರ್ 31.

ಕೌನ್ಸಿಲ್ ಟ್ಯಾಕ್ಸ್‌ಗಾಗಿ, ಮನೆಗೆ ಬಂದ ಕೂಡಲೇ ಕೌನ್ಸಿಲ್ಲಿಗೆ ತಿಳಿಸಿ. ದೊಡ್ಡವರು ಒಬ್ಬರೇ ಇದ್ದರೆ ಕಾಲು ಭಾಗ ಕಡಿಮೆ.

ಜಾಸ್ತಿ ಹೇಳಬೇಕಿರುವುದು ವೋಟಿನ ವಿಷಯ. ಇಂಡಿಯನ್ ಪಾಸ್‌ಪೋರ್ಟಿನವರಿಗೆ ಎಲ್ಲಿಯ ವೋಟು ಅಂತ ವರ್ಷಗಟ್ಟಲೆ ಸುಮ್ನೆ ಇದ್ದೆ. ಅದು ತಪ್ಪು. ನಾವು ಕಾಮನ್‌ವೆಲ್ತ್ ದೇಶದವರು. ಸರಿಯಾದ ವೀಸಾದಲ್ಲಿ ಇಲ್ಲಿ ವಾಸವಿದ್ದರೆ ಕೌನ್ಸಿಲ್ಲಿಗೂ ಪಾರ್ಲಿಮೆಂಟಿಗೂ ವೋಟು ಹಾಕಬಹುದು. 2015ರ ಮೇ 7ರಂದು ಎರಡಕ್ಕೂ ಚುನಾವಣೆ ಇತ್ತು. ನಾನು ಪೋಲಿಂಗ್ ಸ್ಟೇಷನ್ ಮುಂದೆಯೇ ನಡೆದು ಡ್ಯೂಟಿಗೆ ಹೋದೆ. ಆ ಡಿಸ್ಟ್ರಿಕ್ಟಿಗೆ ಮತ್ತೊಂದು ಚುನಾವಣೆ ಬರಲೇ ಇಲ್ಲ. ಹತ್ತು ವರ್ಷ ನಮ್ಮ ಮನೆಯ ಕಸ ತೆಗೆದ ಕೌನ್ಸಿಲ್ಲಿಗೆ ಒಂದು ವೋಟನ್ನೂ ಹಾಕಲಿಲ್ಲ.

ನನ್ನ ತಾತ ಮಂಡಲ ಪಂಚಾಯಿತಿ ಮೆಂಬರ್ ಆಗಿದ್ದವರು. 1987ರ ಚುನಾವಣೆಯ ಕಥೆ ಕೇಳಿಯೇ ನಾವು ಬೆಳೆದದ್ದು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಆ ಮಂಡಲವೂ ಹೋಯಿತು. ನಾನು ಇಲ್ಲಿಗೆ ಬಂದ ಮೇಲೆ ಊರಿನ ವೋಟರ್ ಲಿಸ್ಟಿನಿಂದ ನನ್ನ ಹೆಸರು ತೆಗೆದರು. ಎನ್‌ಆರ್‌ಐ ಅಂತ ಸೇರಿಸಿದರೂ ವೋಟಿಗೆ ಊರಿಗೇ ಹೋಗಬೇಕು. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತ ಅಷ್ಟು ವರ್ಷ ಹೋಯಿತು. ತಾತ ಇದ್ದಿದ್ದರೆ ಏನನ್ನುತ್ತಿದ್ದರೋ.

ಇಲ್ಲಿ ಹೆಸರು ಸೇರಿಸುವುದು ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹತ್ತಿರ ಇಟ್ಟುಕೊಳ್ಳಿ. ಈಗ ವೋಟು ಹಾಕಲು ಹೋದಾಗ ಫೋಟೋ ಗುರುತು ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ.

2025ರ ಮೇ ತಿಂಗಳ ಕೌನ್ಸಿಲ್ ಚುನಾವಣೆ ಹೊತ್ತಿಗೆ ಮಗಳಿಗೂ ಹದಿನೆಂಟು ತುಂಬಿತ್ತು. ಇಬ್ಬರೂ ಒಟ್ಟಿಗೆ ಹೋದೆವು. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಇರುವುದು ನಮ್ಮೂರಿನ ಹೆಸರು. ಮೇಜಿನ ಹಿಂದೆ ಕೂತಿದ್ದ ಹಿರಿಯ ಹೆಂಗಸು ನಿಧಾನವಾಗಿ ನಮ್ಮೂರಿನ ಹೆಸರು ಓದಿ, ಲಿಸ್ಟಿನಲ್ಲಿ ಗುರುತು ಮಾಡಿ, ಅವಳ ಕೈಗೆ ಬ್ಯಾಲೆಟ್ ಪೇಪರ್ ಕೊಟ್ಟರು.