ಮುತ್ಯಾನ ಗುಳಿಗೆ ಚೀಲಕ್ಕೆ ಜೀನ್ ಪರೀಕ್ಷೆ: ಯಾವಾಗ ಮಾಡಿಸಬೇಕು, ವರದಿ ಹೇಗೆ ಓದಬೇಕು

ಯಾವ ಗುಳಿಗೆ ಯಾರ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮಾಡುವ ಜೀನ್ ಪರೀಕ್ಷೆಗೆ ರಕ್ತ ಕೊಡುವ ಮೊದಲು ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ. ನಮ್ಮ ಕಲಬುರಗಿ ಕಡೆ ಮುತ್ಯಾ, ಅಂದರೆ ಅಜ್ಜನಂಥ ಹಿರಿಯರ ಹತ್ತಿರ ಸಾಮಾನ್ಯವಾಗಿ ಮೂರು ಊರಿನ ಔಷಧ ಇರುತ್ತದೆ. ಊರ ದವಾಖಾನೆಯ ಚೀಟಿ ಒಂದು, ಸೊಲ್ಲಾಪುರದ್ದೋ ಹೈದರಾಬಾದಿನದ್ದೋ ಇನ್ನೊಂದು, ಚೀಟಿಯೇ ಇಲ್ಲದೆ ಮೆಡಿಕಲ್‌ನಿಂದ ತಂದ ಮೊಣಕಾಲು ನೋವಿನ ಗುಳಿಗೆ ಮತ್ತೊಂದು. ಗ್ಯಾಸಿನ ಗುಳಿಗೆ, ಕೆಮ್ಮಿನ ಸಿರಪ್, ನಾಟಿ ಪುಡಿ ಯಾವುದನ್ನೂ ಬಿಡಬೇಡಿ. ಪಟ್ಟಿ ಮಾಡುವಾಗ ಕಂಪನಿ ಇಟ್ಟ ಹೆಸರು ಸಾಲದು. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರು, ಎಷ್ಟು ಮಿ.ಗ್ರಾಂ., ದಿನಕ್ಕೆ ಎಷ್ಟು ಸಲ, ಎಂದಿನಿಂದ ಎಂಬುದನ್ನು ಬರೆಯಿರಿ. ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತಿರುವುದು ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಯಾವ ಜೀನ್ ಪರೀಕ್ಷೆಯೂ ಬೇಕಿಲ್ಲ.

ಎರಡನೆಯದು ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವ ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿದರೂ ಈ ರಕ್ತ ಪರೀಕ್ಷೆ ಮಾಡಿಸಿ, ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ ಅಂಕಿಯನ್ನು (ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬ ಲೆಕ್ಕ) ಬರೆಸಿಕೊಳ್ಳಿ. ವಯಸ್ಸಾದಂತೆ ಮೂತ್ರಪಿಂಡ ಸೋಲುತ್ತದೆ, ಆ ಸೋಲು ಜೀನ್ ವರದಿಯಲ್ಲಿ ಕಾಣುವುದಿಲ್ಲ. ಉದಾಹರಣೆಗೆ, ಈ ಅಂಕಿ 30ಕ್ಕಿಂತ ಕೆಳಗಿಳಿದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೊಡುವಂತಿಲ್ಲ. ಜೀನ್ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಇಷ್ಟಾದ ಮೇಲೆ ಕೇಳಬೇಕಾದದ್ದು: ಯಾವ ಗುಳಿಗೆಗಾಗಿ ಈ ಪರೀಕ್ಷೆ? ಉತ್ತರ ಇಲ್ಲದಿದ್ದರೆ ದುಡ್ಡು ಉಳಿಸಿ. ನೂರಾರು ಔಷಧಗಳನ್ನು ಒಂದೇ ಸಲ ಹೇಳುತ್ತೇವೆ ಎನ್ನುವ ಪ್ಯಾಕೇಜುಗಳಲ್ಲಿ ಹೆಚ್ಚಿನ ಪುಟಗಳು ನಿಮ್ಮ ಮುತ್ಯಾ ಎಂದೂ ನುಂಗದ ಔಷಧಗಳದ್ದೇ ಆಗಿರುತ್ತವೆ.

ಪರೀಕ್ಷೆ ನಿಜವಾಗಿ ಕೆಲಸಕ್ಕೆ ಬರುವುದು ಕ್ಲೋಪಿಡೋಗ್ರೆಲ್ ವಿಷಯದಲ್ಲಿ. ಕಲಬುರಗಿಯ ಜಯದೇವ ಹೃದಯ ಆಸ್ಪತ್ರೆಯಲ್ಲೋ ಬೇರೆಡೆಯೋ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಬರೆದುಕೊಡುವ 75 ಮಿ.ಗ್ರಾಂ. ಗುಳಿಗೆ ಇದು. ನುಂಗಿದಾಗ ಇದು ಔಷಧವಾಗಿರುವುದಿಲ್ಲ. ಯಕೃತ್ತಿನ ಕಿಣ್ವಗಳು, ಮುಖ್ಯವಾಗಿ ಸಿವೈಪಿ2ಸಿ19, ಅದನ್ನು ಔಷಧವನ್ನಾಗಿ ಬದಲಿಸಬೇಕು. ಈ ಕಿಣ್ವದ ಜೀನ್‌ಗೆ ತಾಯಿಯದೊಂದು, ತಂದೆಯದೊಂದು ಎಂದು ಎರಡು ಪ್ರತಿ ಇರುತ್ತವೆ. ಆ ಜೀನ್‌ನಲ್ಲಿ *2 ಎಂಬ ಕೆಟ್ಟ ಪ್ರತಿ ನಮ್ಮ ಉಪಖಂಡದಲ್ಲಿ ಬಹಳ ಸಾಮಾನ್ಯ. ಸುಮಾರು ಅರ್ಧದಷ್ಟು ಜನರಲ್ಲಿ ಕನಿಷ್ಠ ಒಂದು ಪ್ರತಿಯಾದರೂ ಇರುತ್ತದೆ. ಎರಡೂ ಪ್ರತಿ ಕೆಟ್ಟವರಲ್ಲಿ ಗುಳಿಗೆ ಸರಿಯಾಗಿ ಕೆಲಸ ಮಾಡದೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಈ ಎಚ್ಚರಿಕೆಯನ್ನು ಔಷಧದ ಮಾಹಿತಿಯಲ್ಲಿ ಚೌಕಟ್ಟು ಹಾಕಿ ಸೇರಿಸಿತು.

ವರದಿಯಲ್ಲಿ *1/*1 ಇದ್ದರೆ ಕಿಣ್ವ ಸರಿಯಿದೆ. *1/*2 ಎಂದರೆ ಮಧ್ಯಮ, *2/*2 ಎಂದರೆ ಬಹುತೇಕ ಕೆಲಸವೇ ಇಲ್ಲ. *17 ಎಂಬುದು ವೇಗದ ಪ್ರತಿ. ಮಧ್ಯಮ ಅಥವಾ ಕೆಟ್ಟ ಫಲಿತಾಂಶ ಬಂದ ಸ್ಟೆಂಟ್ ರೋಗಿಗೆ ಸಾಮಾನ್ಯವಾಗಿ ಇದೇ ಕೆಲಸದ ಬೇರೆ ಗುಳಿಗೆ ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲಾರ್ ಯೋಚಿಸುತ್ತಾರೆ. ಆದರೆ ವಯಸ್ಸಾದವರಲ್ಲಿ ಇಲ್ಲೇ ತೊಡಕು. ಹಿಂದೆ ಲಕ್ವ (ಮೆದುಳಿನ ಸ್ಟ್ರೋಕ್) ಹೊಡೆದವರಿಗೆ ಪ್ರಾಸುಗ್ರೆಲ್ ಕೊಡುವಂತಿಲ್ಲ. 75 ದಾಟಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, 60 ಕೆ.ಜಿ.ಗಿಂತ ಹಗುರವಾದವರಲ್ಲಿ ರಕ್ತಸ್ರಾವದ ಭಯ ಹೆಚ್ಚು. ಟಿಕಾಗ್ರೆಲಾರ್ ದಿನಕ್ಕೆ ಎರಡು ಸಲ ನುಂಗಬೇಕು, ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಹಾಗಾಗಿ ವೈದ್ಯರಿಗೆ ವರದಿಯ ಜೊತೆ ತೂಕ, ವಯಸ್ಸು, ಹಿಂದೆ ಲಕ್ವ ಆಗಿತ್ತೇ, ಹೊಟ್ಟೆಯಲ್ಲಿ ಹುಣ್ಣಿದೆಯೇ ಎಂಬುದನ್ನೂ ಹೇಳಬೇಕು. ವರದಿ ನೋಡಿ ಗಾಬರಿಯಾಗಿ ನೀವೇ ಗುಳಿಗೆ ನಿಲ್ಲಿಸಿದರೆ ಮಾತ್ರ ಜೀವಕ್ಕೇ ಅಪಾಯ. ಅರ್ಧಂಬರ್ಧ ಕೆಲಸ ಮಾಡುವ ಗುಳಿಗೆಯೂ ಏನೂ ಇಲ್ಲದ್ದಕ್ಕಿಂತ ಮೇಲು.

ಇನ್ನೊಂದು ಮೋಸ ಗ್ಯಾಸಿನ ಗುಳಿಗೆಯದು. ಓಮೆಪ್ರಜೋಲ್ ಮತ್ತು ಇಸೊಮೆಪ್ರಜೋಲ್ ಇದೇ ಕಿಣ್ವವನ್ನು ತಡೆಯುತ್ತವೆ. ಜೀನ್ *1/*1 ಇದ್ದರೂ ಇವನ್ನು ನುಂಗುತ್ತಿರುವಾಗ ದೇಹ ದುರ್ಬಲ ಕಿಣ್ವದವರಂತೆ ನಡೆದುಕೊಳ್ಳಬಹುದು. ಕ್ಲೋಪಿಡೋಗ್ರೆಲ್ ಜೊತೆಗೆ ಗ್ಯಾಸಿನ ಗುಳಿಗೆ ಬೇಕೇ ಬೇಕಾದರೆ ಪ್ಯಾಂಟೊಪ್ರಜೋಲ್ ಆಗುತ್ತದೆಯೇ ಎಂದು ಕೇಳಿ. ಮೊದಲು ಚೀಲ ತುಂಬಿಸಿದ್ದು ಇದಕ್ಕೇ. ಇದೇ ಆಟ ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವದಲ್ಲೂ ಇದೆ. ಮನಸ್ಸಿನ ಕಾಯಿಲೆಗೆ ಫ್ಲುಆಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ತೆಗೆದುಕೊಳ್ಳುವವರಲ್ಲಿ ಟ್ರಾಮಡಾಲ್ ನೋವು ಇಳಿಸದೆ ಹೋಗಬಹುದು, ಬಿಪಿಯ ಗುಳಿಗೆ ಮೆಟೊಪ್ರೊಲಾಲ್ ರಕ್ತದಲ್ಲಿ ಹೆಚ್ಚಿ ನಾಡಿ ತೀರಾ ನಿಧಾನವಾಗಬಹುದು. ತಲೆ ಸುತ್ತಿ ಬಚ್ಚಲಲ್ಲಿ ಬೀಳುವುದು ಎಷ್ಟೋ ಸಲ ಹೀಗೆ ಶುರುವಾಗುತ್ತದೆ.

ರಕ್ತ ತೆಳು ಮಾಡುವ ವಾರ್ಫರಿನ್‌ಗೆ ಸಿವೈಪಿ2ಸಿ9 ಮತ್ತು ವಿಕೆಒಆರ್‌ಸಿ1 ಜೀನ್‌ಗಳು ಪ್ರಮಾಣ ನಿರ್ಧರಿಸಲು ನೆರವಾಗುತ್ತವೆ, ಅದೂ ಗುಳಿಗೆ ಶುರು ಮಾಡಿದ ಮೊದಲ ವಾರಗಳಲ್ಲಿ. ವರ್ಷಗಟ್ಟಲೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಸ್ಥಿರವಾಗಿದ್ದವರಿಗೆ ಈಗ ಜೀನ್ ನೋಡಿ ಹೊಸದೇನೂ ಸಿಗದು. ಜೀನ್ ನೋಡಿದರೂ ಐಎನ್‌ಆರ್ ತಪ್ಪಿಸುವಂತಿಲ್ಲ. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಸೊಪ್ಪು ತುಂಬಿದ ಭಜ್ಜಿ ಉಂಡರೆ ಅದರ ವಿಟಮಿನ್ ಕೆಯಿಂದ ಐಎನ್‌ಆರ್ ಇಳಿಯಬಹುದು, ಅದನ್ನು ಯಾವ ಜೀನೂ ಮುಂಚೆ ಹೇಳದು. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ಇರಲಿ.

ಮುಖದ ನರದ ನೋವಿಗೆ ಕಾರ್ಬಮಜೆಪಿನ್, ಯೂರಿಕ್ ಆಮ್ಲಕ್ಕೆ ಅಲೊಪ್ಯೂರಿನಾಲ್ ಹೊಸದಾಗಿ ಬರೆಯುವಾಗ ರೋಗನಿರೋಧಕ ಶಕ್ತಿಯ ಜೀನ್ ಆದ ಎಚ್‌ಎಲ್‌ಎ-ಬಿ ಪರೀಕ್ಷೆ ಕೇಳಬಹುದು. ಮೊದಲನೆಯದಕ್ಕೆ *15:02, ಎರಡನೆಯದಕ್ಕೆ *58:01. ಇವು ಇದ್ದವರಲ್ಲಿ ಚರ್ಮ ಸುಲಿಯುವ ಘೋರ ಪ್ರತಿಕ್ರಿಯೆ ಬರುವ ಸಾಧ್ಯತೆ ಹೆಚ್ಚು, ಬರುವುದೂ ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ. ಪರೀಕ್ಷೆ ನೆಗೆಟಿವ್ ಬಂದರೂ ಜ್ವರದ ಜೊತೆ ಬಾಯಿಹುಣ್ಣು, ಕಣ್ಣು ಕೆಂಪು, ಮೈಮೇಲೆ ಗುಳ್ಳೆ ಕಂಡರೆ ಗುಳಿಗೆ ನಿಲ್ಲಿಸಿ ಅಂದೇ ದವಾಖಾನೆಗೆ ಹೋಗಿ. ನೀವಾಗಿ ನಿಲ್ಲಿಸಬಹುದಾದ ಸಂದರ್ಭ ಇದೊಂದೇ.

ಮಾದರಿ ಕೊಡುವ ದಿನ: ರಕ್ತವಾದರೆ ನೇರಳೆ ಮುಚ್ಚಳದ ಇಡಿಟಿಎ ನಳಿಕೆಯಲ್ಲಿ 2ರಿಂದ 4 ಮಿ.ಲೀ., ಉಪವಾಸ ಬೇಕಿಲ್ಲ. ತುಂಬಿದ ಕೂಡಲೇ ನಳಿಕೆಯನ್ನು ಎಂಟ್ಹತ್ತು ಸಲ ಮೆಲ್ಲಗೆ ಬುಡಮೇಲು ಮಾಡಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಮಾದರಿ ಹಾಳು. ಹೆಪಾರಿನ್ ಇರುವ ಹಸಿರು ಮುಚ್ಚಳದ್ದು ಬೇಡ, ಅದು ಜೀನ್ ಪರೀಕ್ಷೆಯ ರಾಸಾಯನಿಕ ಕ್ರಿಯೆಗೆ ಅಡ್ಡಿ. ಮಾದರಿ ಇಲ್ಲಿಂದ ದೊಡ್ಡ ನಗರದ ಲ್ಯಾಬಿಗೆ ಹೋಗುವುದಾದರೆ ಶನಿವಾರ ಸಂಜೆ ಕೊಡಬೇಡಿ, ವಾರದ ಮೊದಲ ದಿನಗಳಲ್ಲಿ ಬೆಳಿಗ್ಗೆ ಕೊಡಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ತಂಪು ಪೆಟ್ಟಿಗೆ ಬೇಕು. ನಳಿಕೆ ಐಸಿಗೆ ನೇರ ತಾಗದಂತೆ ನಡುವೆ ಬಟ್ಟೆ ಇಡಿಸಿ. ಕೆನ್ನೆಯ ಒಳಬದಿಯ ಮಾದರಿಯಾದರೆ ಎಲೆಅಡಿಕೆ, ತಂಬಾಕು, ಊಟ ಎಲ್ಲ ಬಿಟ್ಟು ಅರ್ಧ ಗಂಟೆಯಾಗಿರಬೇಕು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಯಕೃತ್ತು ಅಥವಾ ಅಸ್ಥಿಮಜ್ಜೆ ಕಸಿ ಆಗಿದ್ದರೆ ಮೊದಲೇ ಹೇಳಿ. ರಕ್ತದಲ್ಲಿ ಬೇರೆಯವರ ಜೀನ್ ಸೇರಿ ಫಲಿತಾಂಶ ತಪ್ಪಬಹುದು, ಕಸಿ ಮಾಡಿದ ಯಕೃತ್ತಿನ ಕಿಣ್ವ ದಾನಿಯದ್ದಾದ್ದರಿಂದ ರಕ್ತದ ವರದಿ ಅದಕ್ಕೆ ಹೊಂದದಿರಬಹುದು.

ಹೃದಯದ ವೈದ್ಯರ ಮುಂದೆ ಉದ್ದ ಮಾತು ಬೇಡ: «ಸರ, ನಮ್ಮ ಮುತ್ಯಾಗ ಸ್ಟೆಂಟ್ ಹಾಕ್ಯಾರ, ಕ್ಲೋಪಿಡೋಗ್ರೆಲ್ ನಡದದ. ಸಿವೈಪಿ2ಸಿ19 ರಿಪೋರ್ಟ್ ಇದು, ಎಲ್ಲಾ ಗುಳಿಗೀ ಪಟ್ಟಿ ಇದು.» ಬರೀ «ಪಾಸಿಟಿವ್ ಬಂದದ» ಎಂದರೆ ಅರ್ಥವಿಲ್ಲ. ಜೀನ್ ಹೆಸರು, ನಕ್ಷತ್ರದ ಜೋಡಿ, ತಾರೀಖು, ಲ್ಯಾಬ್ ಹೆಸರು ನಾಲ್ಕೂ ಒಂದು ಚೀಟಿಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಇಡಿ. ಈ ಜೋಡಿ ಜನ್ಮಕ್ಕೆ ಒಂದೇ, ಮತ್ತೆ ಪರೀಕ್ಷಿಸಬೇಕಿಲ್ಲ. ಗುಳಿಗೆ ಪಟ್ಟಿ ಮಾತ್ರ ಬದಲಾದಾಗಲೆಲ್ಲ ಹೊಸದಾಗಿ ಬರೆಯಬೇಕು. *2/*2 ಬಂದವರ ಪ್ರತಿಯೊಬ್ಬ ಮಗ, ಮಗಳಿಗೂ ಒಂದು *2 ದಾಟಿರುತ್ತದೆ. ಆ ಚೀಟಿಯ ಜೆರಾಕ್ಸ್ ಅವರ ಹತ್ತಿರವೂ ಇರಲಿ.