ಒಡೆದ ಬಸಿಯ ಬಂಗಡೆ, ಅಂಗಳದ ಚಿರೆಕಲ್ಲಿನ ಮೇಲೆ

ಬಸಿ ಒಡೆದರೆ ಎಸೆಯಲು ಮನಸ್ಸಾಗದೆ ಚೂರುಗಳನ್ನು ಹಳೆ ಬಕೇಟಿನಲ್ಲಿ ಕೂಡಿಡುವ ಮನೆಗಳು ಕಾರವಾರದಿಂದ ಹೊನ್ನಾವರದವರೆಗೂ ಇವೆ. ಮನೆ ಕಟ್ಟಿ ಉಳಿದ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಹಿತ್ತಿಲಲ್ಲಿ ಹಾವಸೆ ಹಿಡಿದು ಬಿದ್ದಿರುತ್ತದೆ. ಎರಡನ್ನೂ ಕೂಡಿಸಿ ಅಂಗಳಕ್ಕೊಂದು ಮೀನು ಮಾಡಬಹುದು. ಮಾಡಿದವರೂ ಬಹಳ ಜನ. ಆದರೆ ಚೌತಿ ಬರುವಷ್ಟರಲ್ಲಿ ಅರ್ಧ ಮೀನು ಕಳಚಿ ನೆಲಕ್ಕೆ ಬಿದ್ದಿರುತ್ತದೆ.

ತಪ್ಪಾಗುವುದು ಅಂಟಿನಲ್ಲಿ. ಟೈಲ್ಸಿಗೆ ಹೊಳಪು ಒಂದೇ ಕಡೆ, ಬೆನ್ನು ಒರಟು. ಕಪ್ಪು-ಬಸಿಗೆ ಎರಡೂ ಕಡೆ ಗಾಜಿನಂಥ ಹೊಳಪು. ಅದಕ್ಕೆ ಬರೀ ಬಿಳಿ ಸಿಮೆಂಟು ಬಳಿದರೆ ಒಣಗಿದಾಗ ಹಿಡಿದಂತೆ ಕಾಣುತ್ತದೆ, ಮಳೆ ನೀರು ಹಿಂದೆ ಸೇರಿದೊಡನೆ ಕೈಬಿಡುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅಷ್ಟು ನೀರಿಗೆ ಸಣ್ಣ ಬಿರುಕೂ ಸಾಕು. ಬಡಗಿಗಳು ಬಳಸುವ ಬಿಳಿ ಅಂಟಂತೂ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಅಂಗಳದ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ.

ಒಂದಡಿ ಉದ್ದ, ಎಂಟು ಇಂಚು ಎತ್ತರದ ಕಲ್ಲಿನ ಮುಖಕ್ಕೆ ಬೇಕಾಗುವುದು: ನಾಲ್ಕು ಒಡೆದ ಬಸಿ, ಒಂದೆರಡು ಕಪ್ಪು, ಅರ್ಧ ಕಿಲೋ ಟೈಲ್ಸ್ ಅಂಟಿನ ಪುಡಿ (ಚೀಲದ ಮೇಲೆ ‘ಟೈಪ್ 2’ ಎಂದಿರಲಿ; ಬಿಡಿಯಾಗಿ ಸಿಗದಿದ್ದರೆ ಟೈಲ್ಸ್ ಹಾಕುವ ಮೇಸ್ತ್ರಿಯ ಹತ್ತಿರ ಉಳಿದದ್ದು ಕೇಳಿ), ಕಾಲು ಕಿಲೋ ಸಿಮೆಂಟು, ಅದರ ಎರಡರಷ್ಟು ಜರಡಿ ಹಿಡಿದ ನುಣ್ಣನೆ ಮರಳು. ಮರಳು ಮಾತ್ರ ಕಡಲದಂಡೆಯದ್ದು ಬೇಡ. ಅಳಿವೆಯ ಹತ್ತಿರದ್ದೂ ಬೇಡ, ಭರತದಲ್ಲಿ ಅಲ್ಲಿಗೂ ಉಪ್ಪುನೀರು ಏರುತ್ತದೆ. ಆ ಉಪ್ಪು ಆಮೇಲೆ ಬಿಳಿ ಬೂಸಿನಂತೆ ಮೇಲೆದ್ದು ಬರುತ್ತದೆ. ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಎಂ-ಸ್ಯಾಂಡ್, ಒಂದು ಡಬ್ಬಿ ತಂದರೆ ಸಾಕು.

ಏನು ಬಳಸಬಾರದು ಎನ್ನುವುದೂ ತಿಳಿದಿರಲಿ. ಮೆಲಮೈನ್ ತಟ್ಟೆ ಪಿಂಗಾಣಿಯಂತೆ ಕಂಡರೂ ಪ್ಲಾಸ್ಟಿಕ್ಕೇ. ಸಿಮೆಂಟಿನ ಅಂಟು ಅದಕ್ಕೆ ಕೂರುವುದಿಲ್ಲ. ಕನ್ನಡಿ ಚೂರಿನ ಬೆನ್ನಿಗೆ ಒಂದೆರಡು ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಬಳಚಿನ (ಚಿಪ್ಪುಮೀನಿನ) ಚಿಪ್ಪು ಚೆಂದ, ಆದರೆ ಮಾಂಸದ ಚೂರು ಉಳಿಯದಂತೆ ಉಜ್ಜಿ, ಮೂರು ದಿನ ದಿನಕ್ಕೊಮ್ಮೆ ಸಿಹಿನೀರು ಬದಲಾಯಿಸಿ ನೆನೆಸಿಟ್ಟರೆ ಮಾತ್ರ. ಮಂಗಳೂರು ಹೆಂಚಿನ ಚೂರನ್ನು ನೀರಿನಲ್ಲಿ ಅದ್ದಿಯೇ ಅಂಟಿಸಿ.

ಬಸಿಯನ್ನು ಗೋಣಿಚೀಲದೊಳಗೆ ಕವುಚಿ ಹಾಕಿ ಸುತ್ತಿಗೆಯಿಂದ ತಟ್ಟಿ, ಕಣ್ಣಿಗೆ ಕನ್ನಡಕ ಇರಲಿ. ಚೂರು ಅರ್ಧದಿಂದ ಒಂದು ಇಂಚಿನದ್ದಾಗಲಿ. ದೊಡ್ಡ ಚೂರಿನ ಬಾಗು ಮೇಲೆದ್ದು ಕಾಣುತ್ತದೆ. ಬಸಿಯ ಅಡಿಯಲ್ಲಿ ಉಂಗುರದಂಥ ಏಣು ಇರುತ್ತದಲ್ಲ, ಆ ಚೂರುಗಳನ್ನು ಬೇರೆಯಿಡಿ. ಅವು ಎಷ್ಟು ಒತ್ತಿದರೂ ಉಳಿದವಕ್ಕಿಂತ ಎತ್ತರದಲ್ಲೇ ಕೂರುತ್ತವೆ. ಇನ್ನು ಬೇಸರ ತರುವ, ಬಿಟ್ಟರೆ ಕೆಡುವ ಕೆಲಸ: ಪ್ರತಿ ಚೂರಿನ ಬೆನ್ನನ್ನೂ ಒರಟು ಸ್ಯಾಂಡ್‌ಪೇಪರಿನ ಮೇಲೋ ಅರೆಯುವ ಕಲ್ಲಿನ ಮೇಲೋ ನೀರು ಹಾಕಿಕೊಂಡು ಹೊಳಪು ಮಾಸುವವರೆಗೆ ತಿಕ್ಕಬೇಕು. ಅದೇ ಹೊತ್ತಿಗೆ ಅಂಚಿನ ಹರಿತವನ್ನೂ ಮುರಿಯಿರಿ, ಮಕ್ಕಳು ಕೈಯಾಡಿಸುತ್ತಾರೆ.

ಕಲ್ಲನ್ನು ಕತ್ತದ ಗುಂಜಿನಿಂದ ಉಜ್ಜಿ, ಪುಡಿ ಉದುರುವುದು ನಿಂತ ಮೇಲೆ ಒಂದು ತಾಸು ನೀರಿನಲ್ಲಿಡಿ. ಒಣ ಚಿರೆಕಲ್ಲು ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಪುಡಿಪುಡಿ ಮಾಡುತ್ತದೆ. ಮುಖದ ಮೇಲೆ 1:3ರ (ಒಂದು ಪಾಲು ಸಿಮೆಂಟು, ಮೂರು ಪಾಲು ಮರಳು) ಸಿಮೆಂಟು ಗಾರೆಯನ್ನು ತೆಳ್ಳಗೆ ಎಳೆದು ತೂತು ಮುಚ್ಚಿ, ಒರಟಾಗಿಯೇ ಬಿಟ್ಟು ಎರಡು ದಿನ ನೀರು ಹಾಕಿ. (ಇದಕ್ಕೆ ಬೇಕಾದ ಸಿಮೆಂಟು-ಮರಳು ಮೇಲಿನ ಲೆಕ್ಕದಲ್ಲಿಲ್ಲ.)

ಚಿತ್ರ ಸರಳವಾಗಿರಲಿ. ಹಸೆ ಚಿತ್ತಾರದ ಸಣ್ಣ ಗೆರೆ ಒಡೆದ ಚೂರಿನಲ್ಲಿ ಬರುವುದಿಲ್ಲ. ಬಂಗಡೆ ಒಳ್ಳೆಯದು: ಬೆನ್ನಿಗೆ ನೀಲಿ ಚೂರು, ನಡುನಡುವೆ ಕಪ್ಪು ಪಟ್ಟೆ, ಹೊಟ್ಟೆಗೆ ಬಿಳಿ, ಕಣ್ಣಿಗೊಂದು ಗುಂಡಿ. ಮೊದಲು ಕಾಗದದ ಮೇಲೆ ಜೋಡಿಸಿ ನೋಡಿ, ಚೂರಿನ ನಡುವೆ 2-3 ಮಿ.ಮೀ. ಸಂದು ಬಿಡಿ.

ಅಂಟಿನ ಪುಡಿಯನ್ನು ನೀರಿಗೆ ಹಾಕಿ ಕಲಸಿ, ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಆಮೇಲೆ ಗಟ್ಟಿಯಾಯಿತೆಂದು ನೀರು ಬೆರೆಸಿದರೆ ಅಂಟಿನ ಬಲ ಹೋಯಿತು. ಇಡೀ ಕಲ್ಲಿಗೆ ಒಮ್ಮೆಲೇ ಬಳಿಯಬೇಡಿ, ನಮ್ಮ ಗಾಳಿಗೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮೇಲೆ ಕೆನೆಕಟ್ಟುತ್ತದೆ. ಅಂಗೈಯಗಲ ಬಳಿದು, ಚೂರಿನ ಬೆನ್ನಿಗೂ ಹಳೆ ಚಮಚದಿಂದ ಸವರಿ, ತುಸು ತಿರುವುತ್ತಾ ಒತ್ತಿ. ಮೊದಲ ಎರಡು ಚೂರನ್ನು ಎಬ್ಬಿಸಿ ನೋಡಿ: ಬೆನ್ನು ಪೂರ್ತಿ ಅಂಟು ಹತ್ತಿರಬೇಕು. ಬಾಗಿದ ಚೂರಿನ ಹೊಟ್ಟೆ ಖಾಲಿಯಿದ್ದರೆ ನೀರು ಕೂರುವ ಜಾಗ ಅದೇ. ಸಂದಿನಲ್ಲಿ ಉಕ್ಕಿದ ಅಂಟನ್ನು ಹಲ್ಲುಕಡ್ಡಿಯಿಂದ ತೆಗೆದು, ಒಂದು ದಿನ ಮುಟ್ಟದೆ ಬಿಡಿ.

ಸಂದು ತುಂಬಲು ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು. ಮರಳಿಲ್ಲದ ಬಿಳಿ ಸಿಮೆಂಟು ಕುಗ್ಗಿ ಬಿರಿಯುತ್ತದೆ, ಮೇಲಾಗಿ ಮೊದಲ ಆಷಾಢಕ್ಕೇ ಕಪ್ಪಾಗುತ್ತದೆ. ಬೂದು ಸಿಮೆಂಟಿಗೆ ಅದರ ತೂಕದ ನೂರಕ್ಕೆ ಐದರಷ್ಟು ರೆಡ್ ಆಕ್ಸೈಡ್ ಬೆರೆಸುವುದೇ ಸರಿ. ಕೆಂಪುಮಣ್ಣಿನ ಕಾವಿ ಕಲೆಯ ಗೋಡೆ ನೋಡಿದ ಕಣ್ಣಿಗೆ ಬೇರೆ ಬಣ್ಣ ಹಿಡಿಸುವುದೂ ಕಷ್ಟ. ಮುಷ್ಟಿ ಹಿಡಿದರೆ ಉಂಡೆ ನಿಲ್ಲುವ ಹದಕ್ಕೆ ಕಲಸಿ, ಹವಾಯಿ ಚಪ್ಪಲಿಯ ತುಂಡಿನಿಂದ ಅಡ್ಡಡ್ಡ ಒತ್ತಿ ತುಂಬಿ. ಕೈಗೆ ಗವಸು ಇರಲಿ, ಸಿಮೆಂಟು ಚರ್ಮ ಸುಡುತ್ತದೆ.

ಒರೆಸುವ ಹೊತ್ತೇ ಮುಖ್ಯ. ಬೆರಳಿನಿಂದ ಮುಟ್ಟಿದರೆ ಅಂಟದೆ, ಒತ್ತಿದರೆ ಗುರುತು ಬೀಳುವ ಹೊತ್ತು. ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ಬೇಗ ಒರೆಸಿದರೆ ಸಂದಿನಿಂದ ಗಾರೆ ಕಿತ್ತು ಬರುತ್ತದೆ. ಸ್ಪಂಜನ್ನು ಹನಿ ಬೀಳದಷ್ಟು ಹಿಂಡಿರಬೇಕು. ನೀರು ಹೆಚ್ಚಾದರೆ ಬಣ್ಣ ತೊಳೆದುಹೋಗಿ ಸಂದು ಮಚ್ಚೆಮಚ್ಚೆಯಾಗುತ್ತದೆ. ಉಳಿದ ಮಸುಕನ್ನು ಮಾರನೇ ದಿನ ಒಣ ಬಟ್ಟೆಯಿಂದ ತಿಕ್ಕಿ. ಶೌಚಾಲಯ ತೊಳೆಯುವ ಆ್ಯಸಿಡ್ ಸುರಿಯುವ ಅಡ್ಡದಾರಿಯನ್ನು ಹಿಡಿಯಬೇಡಿ, ಅದು ಮಸುಕಿನ ಜೊತೆ ಸಂದನ್ನೂ ತಿನ್ನುತ್ತದೆ.

ಒದ್ದೆ ಗೋಣಿ ಹೊದೆಸಿ ಏಳು ದಿನ ನೆರಳಿನಲ್ಲಿಡಿ. ದೀಪಾವಳಿಯಿಂದ ಶಿವರಾತ್ರಿಯೊಳಗೆ ಈ ಕೆಲಸ ಮುಗಿಸಿ. ಮೇ ಕೊನೆಗೆ ಶುರುಮಾಡಿದರೆ ಗಾರೆ ಬಲಿಯುವ ಮೊದಲೇ ಮಳೆ.

ನಿಲ್ಲಿಸುವಾಗ ಅಡಿಗೆ ಮೂರು ಇಂಚು ಜಲ್ಲಿ ಹಾಕಿ. ಮಾಡಿನ ನೀರು ಸುರಿಯುವ ಸಾಲಿನಲ್ಲಿಟ್ಟರೆ ಕೆಂಪು ರಾಡಿ ಸಿಡಿದು ಬಂಗಡೆ ಹೋಗಿ ಕೆಂಪು ಮೀನು ಚೆಂಪಲ್ಲಿಯಾಗುತ್ತದೆ. ಕಾಲುದಾರಿಗೆ ಹಾಸಬೇಡಿ, ಒದ್ದೆ ಪಿಂಗಾಣಿ ಜಾರುತ್ತದೆ. ಮಳೆಗಾಲ ಮುಗಿದ ಮೇಲೆ ಚಮಚದಿಂದ ಒಂದೊಂದೇ ಚೂರನ್ನು ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದ ಚೂರನ್ನು ಎಬ್ಬಿಸಿ, ಹಳೆ ಅಂಟು ಕೆರೆದು, ಕಲ್ಲು ಪೂರ್ತಿ ಒಣಗಿದ ಮೇಲೆ ಎರಡು ಟ್ಯೂಬು ಬೆರೆಸುವ ಎಪಾಕ್ಸಿಯಿಂದ ಕೂರಿಸಿ.